ತಪ್ಪು ಅವರೆಕಾಳಿನದಲ್ಲ

ಅವರೆಕಾಯಿ ಕಾಲ ಬಂತೆಂದರೆ ನಮ್ಮ ದೊಡ್ಡಮ್ಮ ಸೇರುಗಟ್ಟಲೆ ಕಾಳು ನೆನೆಹಾಕಿ, ಮಾತಾಡುತ್ತಲೇ ಹಿತುಕಿ ಗುಡ್ಡೆ ಹಾಕುತ್ತಿದ್ದರು. ಒಂದು ವರ್ಷ ಬೆರಳು ಒತ್ತೋಕೇ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಎರಡೂ ಕೈಗಳ ಬೆರಳ ಬುಡ ಊದಿರುತ್ತಿತ್ತು, ಮುಷ್ಟಿ ಕಟ್ಟಲು ಹತ್ತು ಗಂಟೆ ಆಗಬೇಕಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು, ವಾಯು. ಆಲೂಗಡ್ಡೆ ಬಿಡಿಸಿದರು, ಕಡಲೆಬೇಳೆ ಬಿಡಿಸಿದರು, ಕೊನೆಗೆ ಅವರೆಕಾಳೂ ಹೋಯಿತು. ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಿಂದ ನಾಲ್ಕು ದಿನ ಹಾಯೆನಿಸಿತು ಅಷ್ಟೇ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರೋದು ಎಷ್ಟೋ ಸಲ ಪತ್ತೆಯಾಗಿದೆ. ಹೀಗೆ ಒಂದೂವರೆ ವರ್ಷ ಕಳೆಯಿತು.

ಹೊಟ್ಟೆಯ ಗ್ಯಾಸ್ ಕೀಲಿಗೆ ಹೋಗಿ ಕೂರೋದಿಲ್ಲ. ಅದಕ್ಕೆ ದಾರಿಯೇ ಇಲ್ಲ. ಇನ್ನು ಕೀಲು ಊದಿ ನೋಯೋ ಆರ್ಥ್ರೈಟಿಸ್ ಅನ್ನೋದು ಒಂದೇ ಕಾಯಿಲೆ ಅಲ್ಲ, ನೂರಕ್ಕೂ ಜಾಸ್ತಿ ಕಾಯಿಲೆಗಳಿಗೆ ಇಟ್ಟ ಹೆಸರು.

ವಯಸ್ಸಾದವರ ಮಂಡಿನೋವು ಸಾಮಾನ್ಯವಾಗಿ ಆಸ್ಟಿಯೋ ಆರ್ಥ್ರೈಟಿಸ್. ಮೂಳೆ ತುದಿಯ ನುಣುಪಾದ ಹೊದಿಕೆ, ಅಂದರೆ ಕಾರ್ಟಿಲೇಜ್, ಸವೆದಿರುತ್ತದೆ. ಬೆಳಿಗ್ಗೆ ಹಿಡಿದುಕೊಂಡರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ತೊಡೆಗೆ ವ್ಯಾಯಾಮ ಬೇಕು, ತೂಕ ಇಳಿಯಬೇಕು. 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕೆಜಿ ಭಾರ ತಗ್ಗುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಕಿದರೂ ಜೀವ ಹೋದಂತಾದರೆ ಅದು ಗೌಟ್ ಇರಬಹುದು. ಅಲ್ಲಿರೋದು ಯೂರಿಕ್ ಆಸಿಡ್‌ನ ಸೂಜಿಯಂಥ ಹರಳುಗಳು. 1679ರಲ್ಲೇ ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ಚರ ಲೇವನ್‌ಹುಕ್ ಅವನ್ನು ತನ್ನ ಮಸೂರದಡಿ ಕಂಡಿದ್ದ, ಏನೆಂದು ಮಾತ್ರ ಗೊತ್ತಾಗಿರಲಿಲ್ಲ.

ದೊಡ್ಡಮ್ಮನದು ರುಮಟಾಯ್ಡ್ ಆರ್ಥ್ರೈಟಿಸ್. ಕೀಲಿನ ಒಳಗೋಡೆಗೆ ತೆಳುವಾದ ಒಂದು ಪದರ ಇದೆ, ಕೀಲಿಗೆ ಎಣ್ಣೆಯಂಥ ದ್ರವ ಒದಗಿಸೋದು ಅದೇ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳು ಆ ಪದರಕ್ಕೆ ನುಗ್ಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ವಾ, ಇಲ್ಲಿ ಮೇಯೋದು ನಿಜಕ್ಕೂ ನಡೆಯುತ್ತದೆ. ಪದರ ದಪ್ಪವಾಗಿ, ಲಂಟಾನ ಬದುವಿನಿಂದ ಹೊಲಕ್ಕೆ ಹಬ್ಬಿದ ಹಾಗೆ ಕಾರ್ಟಿಲೇಜ್ ಮೇಲೆ ಹಬ್ಬುತ್ತದೆ. ಮೂಳೆ ತುದಿಯ ಅಂಚಿನಲ್ಲಿ ಕಾರ್ಟಿಲೇಜ್ ಹೊದಿಕೆ ಇಲ್ಲದ ಒಂದಿಷ್ಟು ಜಾಗ ಇದೆ. ಕೊರೆತ ಶುರುವಾಗೋದು ಅಲ್ಲೇ. ದೊಡ್ಡಮ್ಮನ ಎಕ್ಸ್‌ರೇ ಬೆಳಕಿಗೆ ಹಿಡಿದಾಗ ಬೆರಳ ಮೂಳೆಯ ಅಂಚು ಇಲಿ ಕಡಿದ ಕೊಬ್ಬರಿಯ ಹಾಗಿತ್ತು. ಉರಿಯೂತ ಎಬ್ಬಿಸುವ ರಾಸಾಯನಿಕಗಳು ರಾತ್ರಿಯ ಕೊನೆಯ ಹೊತ್ತಿಗೆ ಏರುತ್ತವೆ, ಅದಕ್ಕೇ ಬೆಳಿಗ್ಗೆ ಕೈ ಗಂಟೆಗಟ್ಟಲೆ ಬಿಗಿದಿರುತ್ತದೆ. ಹೀಗಿದ್ದರೆ ರಕ್ತಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತೆಂದು ಸುಮ್ನಿರಬೇಡಿ, ನೆಗೆಟಿವ್ ಇದ್ದೂ ರುಮಟಾಯ್ಡ್ ಇರಬಹುದು. ಇಂಥ ಕೀಲುರೋಗಗಳ ತಜ್ಞರಾದ ರುಮಟಾಲಜಿಸ್ಟ್‌ಗೆ ತೋರಿಸಿ.

ಇದರ ಮುಖ್ಯ ಮದ್ದು ಮೆಥೋಟ್ರೆಕ್ಸೇಟ್. ಇದರ ಹಿಂದೆ ನಮ್ಮ ಪಕ್ಕದ ಆಂಧ್ರದವರೊಬ್ಬರು ಇದ್ದಾರೆ. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಬಿ ವಿಟಮಿನ್ನುಗಳಲ್ಲಿ ಒಂದಾದ ಫೋಲಿಕ್ ಆಸಿಡ್‌ನ ವೇಷ ತೊಟ್ಟ ಮದ್ದುಗಳನ್ನು ತಯಾರಿಸಿತು. ಮೆಥೋಟ್ರೆಕ್ಸೇಟ್ ಅವುಗಳಲ್ಲೊಂದು. ಈ ಗುಂಪಿನ ಮದ್ದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟಿದ್ದರು. ರುಮಟಾಯ್ಡ್‌ಗೆ ಕೊಡೋದು ಸಣ್ಣ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ದೊಡ್ಡಮ್ಮ ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಅರಿಶಿನದ ಬೊಟ್ಟು ಇಟ್ಟಿದ್ದಾರೆ. ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಊತ ಇಳಿದಿದೆ, ಕಾಳು ಹಿತುಕುತ್ತಾರೆ. ಬಲಗೈ ಕಿರುಬೆರಳು ಮಾತ್ರ ಬಗ್ಗಿದ್ದು ಬಗ್ಗಿದ ಹಾಗೇ ಇದೆ, ಅದು ಆ ಒಂದೂವರೆ ವರ್ಷದ್ದು.