ಹಚ್ಚದೆಯೂ ಬತ್ತುವ ಬತ್ತಿ

ಕನ್ನಡದಲ್ಲಿ ‘ಬತ್ತಿ’ ಅಂದರೆ ದೀಪಕ್ಕೆ ಹಾಕುವ ಬತ್ತಿ. ‘ಬತ್ತಿ ಹೋಯಿತು’ ಅಂದರೆ ಒಣಗಿ ಹೋಯಿತು ಅಂತ. ಎಣ್ಣೆ ತುಂಬಿಸುವ ಜೇಬಿನ ಲೈಟರ್ ಇಟ್ಟುಕೊಂಡವರಿಗೆ ಈ ಎರಡೂ ಅರ್ಥ ಒಟ್ಟಿಗೇ ಎದುರಾಗುತ್ತವೆ. ಎರಡು ವಾರ ಮೇಜಿನ ಖಾನೆಯಲ್ಲಿ ಸುಮ್ನೆ ಬಿದ್ದಿದ್ದ ಲೈಟರನ್ನು ತೆಗೆದು ಚಕ್ರ ತಿರುಗಿಸುತ್ತೀರಿ. ಕಿಡಿ ಹಾರುತ್ತದೆ, ಬೆಂಕಿ ಮಾತ್ರ ಹತ್ತುವುದಿಲ್ಲ. ಈ ಎರಡು ವಾರದಲ್ಲಿ ಅದನ್ನು ಒಂದು ಸಲವೂ ಹಚ್ಚಿಲ್ಲ. ಖಾನೆಯಲ್ಲಿ ಸೋರಿದ ಗುರುತೂ ಇಲ್ಲ. ಹಾಗಾದರೆ ಎಣ್ಣೆ ಎಲ್ಲಿಗೆ ಹೋಯಿತು?

ಗಾಳಿಗೆ ಹೋಯಿತು. ಲೈಟರ್ ಕೆಟ್ಟಿದೆ ಅಂತ ಇದಕ್ಕೆ ಅರ್ಥವಲ್ಲ. ಹೊಚ್ಚ ಹೊಸ ಲೈಟರಿನಲ್ಲೂ ಹೀಗೇ ಆಗುತ್ತದೆ. ಆ ಎಣ್ಣೆಯ ಯಾವ ಗುಣದಿಂದ ಒಂದೇ ಕಿಡಿಗೆ ಬೆಂಕಿ ಹತ್ತುತ್ತದೋ, ಅದೇ ಗುಣದಿಂದ ಅದು ಹಾರಿಯೂ ಹೋಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಆದರೆ ಹಾರಿಹೋಗುವ ದಾರಿಯನ್ನು ಸಾಕಷ್ಟು ಇಕ್ಕಟ್ಟು ಮಾಡಬಹುದು.

ಲೈಟರಿಗೆ ಹಾಕುವ ಎಣ್ಣೆ ನಾಫ್ತಾ ಜಾತಿಯದು. ಕಚ್ಚಾ ತೈಲದಿಂದ ಬರುವ ಹಗುರ ಹೈಡ್ರೋಕಾರ್ಬನ್‌ಗಳ ಬೆರಕೆ ಇದು. ಹೆಕ್ಸೇನ್, ಹೆಪ್ಟೇನ್, ಆಕ್ಟೇನ್ ಇಂಥವು ಅದರಲ್ಲಿ ಇರುತ್ತವೆ. ಒಂದು ಗಾಜಿನ ತುಂಡಿನ ಮೇಲೆ ಒಂದು ಹನಿ ನೀರು, ಪಕ್ಕದಲ್ಲಿ ಒಂದು ಹನಿ ಲೈಟರ್ ಎಣ್ಣೆ ಹಾಕಿ ನೋಡಿ. ಬೆಂಕಿ ಎಲ್ಲೂ ಹತ್ತಿರ ಇರಬಾರದು. ಎಣ್ಣೆಯ ಹನಿ ನೋಡನೋಡುತ್ತಲೇ ಮಾಯವಾಗುತ್ತದೆ. ನೀರು ಇನ್ನೂ ಅಲ್ಲೇ ಕೂತಿರುತ್ತದೆ.

ಇಲ್ಲಿ ಒಂದು ಸೋಜಿಗ ಇದೆ. ಹೆಪ್ಟೇನ್ ಕುದಿಯುವುದು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು ಕುದಿಯುವುದು 100ರಲ್ಲಿ. ಹೆಚ್ಚುಕಡಿಮೆ ಒಂದೇ, ಅಲ್ವಾ? ಆದರೂ ಹೆಪ್ಟೇನ್ ನೀರಿಗಿಂತ ಎಷ್ಟೋ ಬೇಗ ಆರುತ್ತದೆ. ನೀರಿನ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಹೆಪ್ಟೇನ್ ಅಣುಗಳ ನಡುವಿನ ಹಿಡಿತ ಸಡಿಲ. ಒಂದು ಗ್ರಾಂ ನೀರನ್ನು ಆವಿ ಮಾಡಲು ಬೇಕಾಗುವ ಶಾಖದಲ್ಲಿ ಆರನೇ ಒಂದು ಪಾಲಿಗಿಂತ ಕಡಿಮೆ ಇದ್ದರೂ ಒಂದು ಗ್ರಾಂ ಹೆಪ್ಟೇನ್ ಆವಿಯಾಗಿಬಿಡುತ್ತದೆ. ಅಷ್ಟು ಶಾಖ ಸುತ್ತಲಿನ ಗಾಳಿಯಿಂದಲೇ ಸಿಗುತ್ತದೆ, ಜೇಬಿನಲ್ಲಿದ್ದರೆ ನಿಮ್ಮ ಮೈಯಿಂದ ಸಿಗುತ್ತದೆ. ಹೆಕ್ಸೇನ್ ಅಂತೂ ಇನ್ನೂ ಹಗುರ. ಅದು ಕುದಿಯುವುದೇ 69 ಡಿಗ್ರಿಯಲ್ಲಿ.

ಒಂದು ಮುಚ್ಚಿದ ಡಬ್ಬಿಯಲ್ಲಿ ಸ್ವಲ್ಪ ಹೆಕ್ಸೇನ್ ಬಿಟ್ಟರೆ ಆವಿ ಎಲ್ಲಿಯವರೆಗೆ ತುಂಬಿಕೊಳ್ಳುತ್ತದೆ? 25 ಡಿಗ್ರಿಯಲ್ಲಿ ಡಬ್ಬಿಯೊಳಗಿನ ಗಾಳಿಯ ನೂರರಲ್ಲಿ ಸುಮಾರು 20 ಭಾಗ ಹೆಕ್ಸೇನ್ ಆಗುವವರೆಗೆ. ಹೆಪ್ಟೇನ್ ಆದರೆ ಸುಮಾರು 6 ಭಾಗ, ನೀರಾದರೆ ಬರೀ 3. ಲೈಟರಿನ ಕವಚದ ಒಳಗೂ ಹೀಗೆ ಆವಿ ತುಂಬಿಕೊಂಡಿರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇಲ್ಲವೇ ಇಲ್ಲ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಆವಿ ಹರಿಯುತ್ತದೆ. ಯಾರೂ ತಳ್ಳಬೇಕಿಲ್ಲ, ಒಂದು ಸಂದು ಇದ್ದರೆ ಸಾಕು.

ಬೆಂಕಿ ಹತ್ತುವುದಕ್ಕೂ ಇದೇ ಆವಿ ಬೇಕು. ಉರಿಯುವುದು ಎಣ್ಣೆಯಲ್ಲ, ಗಾಳಿ ಬೆರೆತ ಆವಿ. ಗಾಳಿಯ ನೂರರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು ಹೆಕ್ಸೇನ್ ಇದ್ದರೂ ಕಿಡಿ ತಾಗಿದೊಡನೆ ಹತ್ತಿಕೊಳ್ಳುತ್ತದೆ. ಕೊರೆಯುವ ಚಳಿಯಲ್ಲೂ ಲೈಟರ್ ಕೆಲಸ ಮಾಡುವುದು ಅದಕ್ಕೇ. ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಈ ಎಣ್ಣೆಯಿಂದ ಸಾಕಷ್ಟು ಆವಿ ಏಳುತ್ತದೆ. ಸೀಮೆಎಣ್ಣೆಯ ಲಾಟೀನು ತಿಂಗಳುಗಟ್ಟಲೆ ಒಣಗುವುದಿಲ್ಲ ನಿಜ. ಆದರೆ ಬರೀ ಕಿಡಿ ಹಾರಿಸಿ ಅದನ್ನು ಹಚ್ಚಲು ಆಗುವುದಿಲ್ಲ. ಸೀಮೆಎಣ್ಣೆಯ ಅಣುಗಳು ಉದ್ದ, ಭಾರ, ಅವು ಸುಲಭವಾಗಿ ಮೇಲೇಳುವುದಿಲ್ಲ. ಲೈಟರಿಗೆ ಸೀಮೆಎಣ್ಣೆ ಹಾಕಿದರೆ ಬಹಳ ದಿನ ಬರುತ್ತದೆ ಎಂದುಕೊಂಡವರಿಗೆ ಕೊನೆಗೆ ಸಿಗುವುದು ಬೆಂಕಿ ಹತ್ತದ ಲೈಟರ್ ಮತ್ತು ನಾತ. ಪೆಟ್ರೋಲ್ ಇದಕ್ಕೆ ತದ್ವಿರುದ್ಧ. ಅದು ಇನ್ನೂ ಬೇಗ ಹಾರುತ್ತದೆ. ಕ್ಯಾನ್ಸರ್ ತರುವ ಬೆಂಜೀನ್ ಕೂಡ ಅದರಲ್ಲಿದೆ. ಅದನ್ನು ಹಾಕಲೇಬೇಡಿ.

ಈಗ ಲೈಟರನ್ನು ಬಿಚ್ಚಿ ನೋಡೋಣ. 1932ರಲ್ಲಿ ಅಮೆರಿಕದ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ ಜಾರ್ಜ್ ಬ್ಲೇಸ್ಡೆಲ್ ಅವರು ಶುರು ಮಾಡಿದ ಝಿಪ್ಪೋ ಲೈಟರಿನ ವಿನ್ಯಾಸ ಎಲ್ಲರಿಗೂ ಪರಿಚಿತ. ಹೊರಗೆ ಲೋಹದ ಕವಚ, ಅದಕ್ಕೆ ಕೀಲಿನ ಮುಚ್ಚಳ. ಒಳಗೆ ಎಳೆದು ತೆಗೆಯಬಹುದಾದ ಇನ್ನೊಂದು ಪೆಟ್ಟಿಗೆ. ಆ ಪೆಟ್ಟಿಗೆಯ ತುಂಬ ಹತ್ತಿಯ ಉಂಡೆಗಳು, ಅವುಗಳ ನಡುವೆ ಸುತ್ತಿ ಬಳಸಿ ಮೇಲೆ ಬರುವ ಬತ್ತಿ. ಬತ್ತಿಯ ಸುತ್ತ ರಂಧ್ರಗಳಿರುವ ಗೂಡು, ಗಾಳಿಗೆ ಬೆಂಕಿ ಆರದಿರಲಿ ಅಂತ. ಪಕ್ಕದಲ್ಲಿ ಚಕ್ರ, ಅದರ ಕೆಳಗೆ ಕಲ್ಲು. ಕಲ್ಲು ಅಂತ ಕರೆದರೂ ಅದು ಕಲ್ಲಲ್ಲ. ಸೀರಿಯಂ ಮತ್ತು ಕಬ್ಬಿಣ ಬೆರೆಸಿದ ಲೋಹ. ಆಸ್ಟ್ರಿಯಾದ ಕಾರ್ಲ್ ಔಅರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಇದನ್ನು ರೂಪಿಸಿದರು. ಇವತ್ತಿಗೂ ಚಕ್ರದ ಲೈಟರುಗಳಿಗೆ ಕಿಡಿ ಕೊಡುತ್ತಿರುವುದು ಅದೇ.

ಈ ಪೆಟ್ಟಿಗೆಯ ತಳ ನೋಡಿ. ಅಲ್ಲಿ ಲೋಹದ ತಳವೇ ಇಲ್ಲ! ಒಂದು ದಪ್ಪ ಉಣ್ಣೆಯಂಥ ಬಟ್ಟೆಯ ತುಂಡು ಇದೆ, ಅಷ್ಟೇ. ಆವಿ ಆ ಬಟ್ಟೆಯನ್ನು ದಾಟಿ, ಪೆಟ್ಟಿಗೆಗೂ ಕವಚಕ್ಕೂ ನಡುವಿನ ತೆಳು ಸಂದಿನಲ್ಲಿ ಮೇಲೇರುತ್ತದೆ. ಇನ್ನೊಂದು ದಾರಿ ಬತ್ತಿಯದೇ, ಅಲ್ಲಿಂದ ಸೀದಾ ಮುಚ್ಚಳದ ಒಳಕ್ಕೆ. ಎರಡೂ ದಾರಿಗಳು ಕೊನೆಗೆ ಸೇರುವುದು ಒಂದೇ ಬಾಗಿಲಿಗೆ. ಮುಚ್ಚಳ ಮತ್ತು ಕವಚ ಕೂಡುವ ಗೆರೆಗೆ, ಕೀಲಿನ ಹತ್ತಿರದ ಸಂದಿಗೆ. ಲೋಹದ ಮೇಲೆ ಲೋಹ ಎಷ್ಟೇ ನುಣುಪಾಗಿ ಕೂತರೂ ಅಣುಗಳ ಲೆಕ್ಕದಲ್ಲಿ ಅದು ಹೆದ್ದಾರಿಯೇ.

1870ರ ದಶಕದಲ್ಲಿ ವಿಯೆನ್ನಾದಲ್ಲಿ ಜೋಸೆಫ್ ಸ್ಟೆಫಾನ್ ಎಂಬ ವಿಜ್ಞಾನಿ ಕಿರಿದಾದ ಕೊಳವೆಗಳಿಂದ ದ್ರವ ಹೇಗೆ ಆವಿಯಾಗುತ್ತದೆ ಎಂದು ಅಧ್ಯಯನ ಮಾಡಿದರು. ಅವರು ಕಂಡುಕೊಂಡ ಲೆಕ್ಕ ಬಹಳ ಸರಳ. ದ್ರವದಿಂದ ಕೊಳವೆಯ ಬಾಯಿಗೆ ಇರುವ ದೂರ ಎರಡು ಪಟ್ಟಾದರೆ ಆವಿ ಹೋಗುವ ವೇಗ ಅರ್ಧವಾಗುತ್ತದೆ. ಕೊಳವೆಯ ವಿಸ್ತೀರ್ಣ ಅರ್ಧವಾದರೂ ಅಷ್ಟೇ, ನಷ್ಟ ಅರ್ಧವಾಗುತ್ತದೆ. ನನಗೆ ಈ ಲೆಕ್ಕ ತುಂಬ ಇಷ್ಟ. ಲೈಟರ್ ಒಣಗದಂತೆ ಆವಿಯ ದಾರಿ ತಡೆಯಲು ಜನ ಮಾಡಿಕೊಂಡಿರುವ ಎಲ್ಲ ಉಪಾಯಗಳನ್ನೂ ಇದರಿಂದ ಅಳೆಯಬಹುದು. ದಾರಿ ಕಿರಿದಾಯಿತೇ? ಉದ್ದವಾಯಿತೇ? ಎರಡೂ ಇಲ್ಲ ಅಂದರೆ ಆ ಉಪಾಯದಿಂದ ಲಾಭವಿಲ್ಲ.

ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಮುಚ್ಚಳ ಕೂಡುವ ಗೆರೆಯ ಮೇಲೆ ಬಿಗಿಯಾಗಿ ಹಾಕುವುದು ಅಂಥ ಒಂದು ಉಪಾಯ. ಇದು ನಿಜಕ್ಕೂ ಕೆಲಸ ಮಾಡುತ್ತದೆ. ಆವಿ ಈಗ ಹೊರಬರಬೇಕಾದರೆ ರಬ್ಬರಿಗೂ ಲೋಹಕ್ಕೂ ನಡುವೆ ನುಸುಳಬೇಕು. ಆದರೆ ಟ್ಯೂಬಿನ ರಬ್ಬರ್ ಈ ಎಣ್ಣೆಯನ್ನು ಹೀರಿಕೊಂಡು ಉಬ್ಬುತ್ತದೆ, ಸಡಿಲವಾಗುತ್ತದೆ. ಆಗಾಗ ಬದಲಿಸುತ್ತಿರಬೇಕು. ನೈಟ್ರೈಲ್ ರಬ್ಬರ್ ಇದಕ್ಕಿಂತ ಎಷ್ಟೋ ಮೇಲು, ಪೆಟ್ರೋಲಿಯಂ ಎಣ್ಣೆಗಳಿಗೆ ಅದು ಸುಲಭವಾಗಿ ಸೋಲುವುದಿಲ್ಲ. ತಿರುಪಿನ ಮುಚ್ಚಳ ಮತ್ತು ರಬ್ಬರ್ ಉಂಗುರ ಇರುವ ಕಡಲೆಕಾಯಿಯಷ್ಟು ಪುಟ್ಟ ಲೈಟರುಗಳೂ ಇವೆ. ಅವು ತಿಂಗಳುಗಟ್ಟಲೆ ಎಣ್ಣೆ ಹಿಡಿದಿಡುತ್ತವೆ. ಆದರೆ ಹಚ್ಚಲು ಪ್ರತಿ ಸಲ ತಿರುಪು ಬಿಚ್ಚಬೇಕು. ಯಾವಾಗಲೋ ಒಮ್ಮೆ ಬೇಕಾಗುವ ಬೆಂಕಿಗೆ ನಾನಾದರೆ ಅದನ್ನೇ ಆರಿಸುತ್ತೇನೆ.

ಬಿಸಿಲಿನ ವಿಷಯವನ್ನು ಯಾರೂ ಸಾಕಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅನಿಸುತ್ತದೆ. 20 ಡಿಗ್ರಿಯಲ್ಲಿ ಮುಚ್ಚಿದ ಡಬ್ಬಿಯ ಗಾಳಿಯಲ್ಲಿ ನೂರಕ್ಕೆ 16 ಭಾಗ ಇರುವ ಹೆಕ್ಸೇನ್, 35 ಡಿಗ್ರಿಗೆ ಸುಮಾರು 30 ಭಾಗ ಆಗುತ್ತದೆ. 50 ಡಿಗ್ರಿಗೆ ಅರ್ಧಕ್ಕಿಂತಲೂ ಜಾಸ್ತಿ. ಮೈಗೆ ಒತ್ತಿಕೊಂಡ ಜೇಬಿನಲ್ಲಿ ಲೈಟರ್ ಹೆಚ್ಚುಕಡಿಮೆ ಮೈಯಷ್ಟೇ ಬೆಚ್ಚಗಿರುತ್ತದೆ. ಅಂದರೆ ತಂಪಾದ ಖಾನೆಯಲ್ಲಿ ಆಗುವುದಕ್ಕಿಂತ ಸುಮಾರು ಎರಡು ಪಟ್ಟು ನಷ್ಟ. ಬಿಸಿಲಿಗೆ ನಿಂತ ಕಾರಿನಲ್ಲಂತೂ ಕೇಳುವುದೇ ಬೇಡ. ಅಲ್ಲಿ ಬೆಂಕಿಯ ಅಪಾಯವೂ ಇದೆ, ಲೈಟರನ್ನು ಬಿಟ್ಟು ಹೋಗಬೇಡಿ. ಹಾಗಂತ ಫ್ರಿಜ್‌ನಲ್ಲಿ ಇಡುವುದೂ ತಪ್ಪು. ಮನೆಯ ಫ್ರಿಜ್‌ನ ಸ್ವಿಚ್‌ಗಳಲ್ಲಿ ಕಿಡಿ ಏಳಬಹುದು, ಒಳಗೆ ಆವಿ ತುಂಬಿದ್ದರೆ ಅಷ್ಟೇ ಸಾಕು.

ಬಿಸಿಯಾಗುವುದು, ತಣ್ಣಗಾಗುವುದು ಮತ್ತೆ ಮತ್ತೆ ನಡೆದರೆ ಇನ್ನೊಂದು ನಷ್ಟವಿದೆ. ಜೇಬಿನಲ್ಲಿ ಬೆಚ್ಚಗಾದಾಗ ಒಳಗಿನ ಗಾಳಿ ಹಿಗ್ಗಿ, ಆವಿಯನ್ನೂ ಕರೆದುಕೊಂಡು ಹೊರಗೆ ಹೋಗುತ್ತದೆ. ತಣ್ಣಗಾದಾಗ ಹೊಸ ಗಾಳಿ ಒಳಗೆ ಬರುತ್ತದೆ, ಅದನ್ನೂ ಆವಿ ತುಂಬಿಕೊಳ್ಳುತ್ತದೆ. ಲೈಟರ್ ಉಸಿರಾಡುತ್ತಿದೆ ಅನ್ನಬಹುದು. ತೈಲ ಕಂಪನಿಗಳ ದೊಡ್ಡ ಟ್ಯಾಂಕುಗಳಲ್ಲೂ ಹಗಲು ರಾತ್ರಿ ಇದೇ ನಡೆಯುತ್ತದೆ. ಅದನ್ನು ತಡೆಯಲು ಎಣ್ಣೆಯ ಮೇಲೇ ತೇಲುವ ಛಾವಣಿ ಮಾಡುತ್ತಾರೆ. ಎಣ್ಣೆ ಇಳಿದಂತೆ ಛಾವಣಿಯೂ ಇಳಿಯುತ್ತದೆ, ಆವಿ ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಜೇಬಿನ ಲೈಟರಿಗೆ ಅದು ಆಗದ ಮಾತು. ಒಂದೇ ತಂಪು ಜಾಗದಲ್ಲಿ ಇಡುವುದು ನಮ್ಮ ಕೈಯಲ್ಲಿದೆ. ಗಟ್ಟಿ ಮುಚ್ಚಳದ ಪುಟ್ಟ ಲೋಹದ ಡಬ್ಬಿಯೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಡಬ್ಬಿಯ ಗಾಳಿಗೆ ಆವಿ ತುಂಬಿಕೊಂಡ ಮೇಲೆ ಲೈಟರಿನಿಂದ ಹೊರಬರುವುದು ಬಹುಮಟ್ಟಿಗೆ ನಿಲ್ಲುತ್ತದೆ.

ತುಂಬಿಸುವಾಗ ಕೈ ಧಾರಾಳವಾದರೆ ಏನು ಗತಿ? ಜಾಸ್ತಿ ಹಾಕಿದರೆ ಜಾಸ್ತಿ ದಿನ ಬರುತ್ತದೆ ಅನ್ನುವುದು ಒಂದು ಹಂತದವರೆಗೆ ಮಾತ್ರ ನಿಜ. ಹತ್ತಿ ಹೀರಿಕೊಳ್ಳುವಷ್ಟು ಹೀರಿದ ಮೇಲೆ ಉಳಿದ ಎಣ್ಣೆ ಪೆಟ್ಟಿಗೆಯ ಹೊರಮೈಗೆ ತೆಳುವಾಗಿ ಹರಡುತ್ತದೆ. ಅಗಲವಾಗಿ ಹರಡಿದ ಎಣ್ಣೆ ಎಲ್ಲಕ್ಕಿಂತ ಬೇಗ ಹಾರಿಹೋಗುತ್ತದೆ. ಅದಕ್ಕಿಂತ ಮುಖ್ಯ, ಅದು ಬಟ್ಟೆಯ ಮೂಲಕ ಚರ್ಮಕ್ಕೆ ತಾಗುತ್ತದೆ. ಈ ಎಣ್ಣೆ ಚರ್ಮದ ಜಿಡ್ಡನ್ನು ಕರಗಿಸುತ್ತದೆ. ಜೇಬಿನ ಕೆಳಗೆ ಆವಿಯಾಗಲು ಜಾಗವಿಲ್ಲದೆ ನಿಂತರೆ ಕೆಂಪಗೆ ಉರಿಯುತ್ತದೆ, ಬೊಬ್ಬೆಯೂ ಏಳಬಹುದು. ಹಾಗಾಗಿ ನಿಧಾನವಾಗಿ ಹಾಕಿ, ಹತ್ತಿ ಒದ್ದೆಯಾದ ಮೇಲೆ ನಿಲ್ಲಿಸಿ. ಕೈ, ಲೈಟರ್ ಎರಡನ್ನೂ ಒರೆಸಿ, ಹೊರಮೈ ಪೂರ್ತಿ ಆರುವವರೆಗೆ ಕಾಯಿರಿ. ಆಮೇಲಷ್ಟೇ ಕಿಡಿ ಹಾರಿಸಿ.

ಕೆಲವೊಮ್ಮೆ ವಾಸನೆ ಇರುತ್ತದೆ, ಬೆಂಕಿ ಹತ್ತುವುದಿಲ್ಲ. ಇದೂ ಆ ಬೆರಕೆಯದೇ ಆಟ. ಹಗುರವಾದವು ಮೊದಲು ಹಾರಿಹೋಗುತ್ತವೆ. ಕೊನೆಗೆ ಉಳಿದುಕೊಳ್ಳುವ ಸ್ವಲ್ಪ ಎಣ್ಣೆ ಭಾರದ್ದು, ಮೂಗಿಗೆ ಗೊತ್ತಾಗುವಷ್ಟು ಆವಿ ಕೊಡುತ್ತದೆ, ಕಿಡಿಗೆ ಬೇಕಾದಷ್ಟು ಕೊಡುವುದಿಲ್ಲ. ಆಗ ಹೊಸ ಎಣ್ಣೆ ಹಾಕಿದರೆ ಸರಿಹೋಗುತ್ತದೆ. ಸರಿಹೋಗದಿದ್ದರೆ ಬತ್ತಿಯ ತುದಿ ಕರಿಕಟ್ಟಿದೆಯೇ, ಕಲ್ಲು ಸವೆದಿದೆಯೇ ನೋಡಿ.

ನಿಮ್ಮ ಲೈಟರ್ ಎಷ್ಟು ಬೇಗ ಒಣಗುತ್ತದೆ ಎಂದು ಊಹಿಸುತ್ತ ಕೂರಬೇಕಿಲ್ಲ, ತೂಗಿ ನೋಡಬಹುದು. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಈ ಎಣ್ಣೆ ಒಂದು ಮಿಲಿಲೀಟರಿಗೆ ಸುಮಾರು 0.7 ಗ್ರಾಂ ತೂಗುತ್ತದೆ. ತುಂಬಿಸಿ, ಒರೆಸಿ, ಆರಿದ ಮೇಲೆ ಒಮ್ಮೆ ತೂಗಿ. ಹಚ್ಚದೆ ಮೂರು ದಿನ ಖಾನೆಯಲ್ಲಿಟ್ಟು ದಿನವೂ ಅದೇ ಹೊತ್ತಿಗೆ ತೂಗಿ ಬರೆದಿಡಿ. ಮುಂದಿನ ಮೂರು ದಿನ ಜೇಬಿನಲ್ಲಿ, ಆಮೇಲೆ ಮೂರು ದಿನ ರಬ್ಬರ್ ಪಟ್ಟಿ ಹಾಕಿ ಮತ್ತೆ ಖಾನೆಯಲ್ಲಿ. ಪಟ್ಟಿಯನ್ನು ತೆಗೆದು ತೂಗಬೇಕು, ಅದು ಹೀರಿಕೊಂಡ ಎಣ್ಣೆ ಲೆಕ್ಕಕ್ಕೆ ಸೇರಬಾರದು. ಒಂಬತ್ತು ದಿನದ ಈ ಲೆಕ್ಕದಲ್ಲಿ ನಿಮ್ಮ ಲೈಟರಿನ ಸಂದು ಎಷ್ಟು ದೊಡ್ಡದು, ನಿಮ್ಮ ಜೇಬು ಎಷ್ಟು ಬೆಚ್ಚಗೆ, ಆ ರಬ್ಬರ್ ಎಷ್ಟು ಬಿಗಿ, ಎಲ್ಲ ಅಂಕಿಗಳಲ್ಲಿ ಕಾಣುತ್ತದೆ.