ಗಲ್ಫ್‌ನಲ್ಲಿ ತಗೊಂಡ ಫೋರ್ ಬೈ ಫೋರ್ ಗಾಡೀನ ಊರಿಗೆ ತಂದು ಕೆಎ ನಂಬರ್ ಹಾಕಿಸ್ಬಹುದಾ?

ಪ್ರಶ್ನೆ: ಮಸ್ಕತ್‌ನಲ್ಲಿ ಎರಡು ವರ್ಷದಿಂದ ಓಡಿಸ್ತಿರೋ ಫೋರ್ ಬೈ ಫೋರ್ ಇದೆ. ಇನ್ನು ಪರ್ಮನೆಂಟಾಗಿ ಊರಿಗೆ ಬರ್ತಿದ್ದೀನಿ, ಮನೆ ಸಾಮಾನಿನ ಜೊತೆ ಅದನ್ನೂ ಹಡಗಿಗೆ ಹಾಕಿ ಮಂಗಳೂರಿಗೆ ತರಿಸಿ ರಿಜಿಸ್ಟ್ರೇಷನ್ ಮಾಡಿಸ್ಬಹುದಾ? ಡ್ಯೂಟಿ ಎಷ್ಟಾಗ್ಬಹುದು?

ಉತ್ತರ: ಡ್ಯೂಟಿ ವಿಷ್ಯ ಆಮೇಲೆ. ಮೊದ್ಲು ಸ್ಟೀರಿಂಗ್ ಯಾವ ಕಡೆ ಇದೆ ನೋಡಿ. ಒಮಾನ್, ದುಬೈ, ಕತಾರ್, ಸೌದಿ ಎಲ್ಲಾ ಕಡೆ ರಸ್ತೆಯ ಬಲಕ್ಕೆ ಓಡಿಸೋದು, ಸ್ಟೀರಿಂಗ್ ಎಡಕ್ಕೆ. ನಮ್ಮ ಇಂಪೋರ್ಟ್ ಪಾಲಿಸಿ ಪ್ರಕಾರ ಹೊರಗಿಂದ ಬರೋ ಕಾರಿಗೆ ಸ್ಟೀರಿಂಗ್ ಬಲಕ್ಕೇ ಇರ್ಬೇಕು. ಹಾಗಾಗಿ ನಿಮ್ಮ ಗಾಡಿ ಮಟ್ಟಿಗೆ ಉತ್ತರ ಇಲ್ಲ ಅಂತಾನೇ, ಅಲ್ಲೇ ಮಾರಿ ಬನ್ನಿ. ಸ್ಟೀರಿಂಗ್ ಬದಲಾಯಿಸಿ ಕೊಡ್ತೀವಿ ಅನ್ನೋರು ಸಿಗ್ತಾರೆ, ಆದ್ರೆ ಡ್ಯಾಶ್‌ಬೋರ್ಡ್, ಪೆಡಲ್, ಸ್ಟೀರಿಂಗ್ ರ‍್ಯಾಕ್, ವೈಪರ್ ಅಷ್ಟೇ ಅಲ್ಲ, ಹೆಡ್‌ಲೈಟ್ ಕೂಡ ಬದಲಾಗ್ಬೇಕು, ಯಾಕಂದ್ರೆ ಅಲ್ಲಿನ ಲೈಟ್ ಡಿಮ್ ಮಾಡಿದ್ರೂ ಬೆಳಕು ಬಲಕ್ಕೆ ಮೇಲೇಳುತ್ತೆ, ನಮ್ಮಲ್ಲಿ ಅದು ನೇರ ಎದುರಿಗೆ ಬರೋನ ಕಣ್ಣಿಗೆ. ಅಷ್ಟೆಲ್ಲ ಮಾಡಿಸಿದ್ಮೇಲೂ ಕಂಪನಿ ಸ್ಪೆಸಿಫಿಕೇಷನ್ನಿಂದ ದೂರ ಹೋದ ಗಾಡಿ ಅನ್ನೋ ತಕರಾರು ಉಳಿಯುತ್ತೆ. ನಾನಾಗಿದ್ರೆ ಆ ಕಡೆ ತಲೆನೂ ಹಾಕಲ್ಲ.

ಇನ್ನು ಬ್ರಿಟನ್, ಆಸ್ಟ್ರೇಲಿಯಾ, ಜಪಾನ್, ಸೌತ್ ಆಫ್ರಿಕಾ ಕಡೆಯಿಂದ ಬರೋರು ಮುಂದಕ್ಕೆ ಓದಿ.

ಸೆಕೆಂಡ್ ಹ್ಯಾಂಡ್ ಗಾಡಿ ತಯಾರಾಗಿ 3 ವರ್ಷ ದಾಟಿರ್ಬಾರ್ದು. ನೀವು ತಗೊಂಡ ದಿನದಿಂದ ಅಲ್ಲ, ಫ್ಯಾಕ್ಟರಿಯಿಂದ ಹೊರಬಿದ್ದ ದಿನದಿಂದ ಲೆಕ್ಕ. 2024ರ ಮಾಡೆಲ್ ಅಂತ ಕೊಟ್ಟಿರೋದು 2023ರಲ್ಲೇ ತಯಾರಾಗಿರ್ಬಹುದು, ತುಂಬಾ ಗಾಡೀಲಿ ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲಿರೋ ಸ್ಟಿಕ್ಕರಲ್ಲಿ ತಿಂಗಳು, ವರ್ಷ ಎರಡೂ ಇರುತ್ತೆ, ಅದನ್ನೇ ನೋಡಿ, ಹಡಗಲ್ಲಿ ಕಳೆಯೋ ವಾರಗಳನ್ನೂ ಸೇರಿಸ್ಕೊಳ್ಳಿ. ಹಳೇ ಗಾಡಿ ಇಳಿಸೋಕೆ ಇರೋದು ಮುಂಬೈ ಬಂದರು ಒಂದೇ, ಮಂಗಳೂರಿಗೆ ತರಿಸ್ತೀನಿ ಅನ್ನೋ ಆಸೆ ಬಿಡಿ. ಹೊಸದನ್ನೇ ತರ್ತೀನಿ ಅಂದ್ರೆ ಅದು ತಯಾರಾದ ದೇಶದಿಂದ್ಲೇ ಬರ್ಬೇಕು, ಅಲ್ಲಿ ರಿಜಿಸ್ಟರ್ ಆಗಿರ್ಬಾರ್ದು, ಅಂದ್ರೆ ಜಪಾನಲ್ಲಿ ತಯಾರಾದದ್ದನ್ನ ಸಿಂಗಾಪುರದ ಶೋರೂಮಿಂದ ಹೊಸದು ಅಂತ ತರೋಕಾಗಲ್ಲ. ಗಲ್ಫ್‌ನಲ್ಲಿ ಮಾರೋ ಐದು ಬಾಗಿಲಿನ ಜಿಮ್ನಿ ಗುರುಗ್ರಾಮದಲ್ಲಿ ತಯಾರಾಗಿ ಹೋಗೋದು, ಅದನ್ನ ವಾಪಸ್ ತರೋ ಯೋಚ್ನೆ ಯಾರಿಗೂ ಬರ್ದೇ ಇರ್ಲಿ!

ಎರಡು ವರ್ಷ ಸತತವಾಗಿ ಹೊರಗಿದ್ದು ಊರಿಗೆ ವಾಪಸ್ ಬರೋರಿಗೆ, ಗಾಡಿ ಕನಿಷ್ಠ ಒಂದು ವರ್ಷ ಅವ್ರ ಕೈಯಲ್ಲೇ ಇದ್ರೆ, ಒಂದು ಗಾಡಿಗೆ ಕೆಲವು ಷರತ್ತು ಸಡಿಲ ಇದೆ. ಇದನ್ನೇ ಜನ ಡ್ಯೂಟಿ ಫ್ರೀ ಅಂತ ಅಂದ್ಕೊಂಡ್ಬಿಡ್ತಾರೆ. ಅಲ್ಲ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಬ್ಯಾಗೇಜ್ ಅಂದ್ರೆ ಏನು ಅಂತ ಹೇಳೋವಾಗ್ಲೇ ಮೋಟಾರು ವಾಹನ ಬಿಟ್ಟು ಅಂತ ಬರ್ದಿದ್ದಾರೆ, ಹಾಗಾಗಿ ಫ್ರಿಜ್ಜು ಸೋಫಾಗೆ ಸಿಗೋ ರಿಯಾಯಿತಿ ಕಾರಿಗೆ ಸಿಗಲ್ಲ. ಸ್ಟೀರಿಂಗ್ ಷರತ್ತೂ ಹೋಗಲ್ಲ, ಪೂರ್ತಿ ಡ್ಯೂಟಿನೂ ತಪ್ಪಲ್ಲ.

ಈಗ ದುಡ್ಡು. ನೀವು ತೋರ್ಸೋ ಬಿಲ್ಲನ್ನ ನೋಡಿ ಕಸ್ಟಮ್ಸ್‌ನವ್ರು ಸುಮ್ನಾಗಲ್ಲ. ಹೊಸದಿದ್ದಾಗ ಕಂಪನಿಯ ಬೆಲೆ ಎಷ್ಟಿತ್ತು ಅಂತ ಹಿಡಿದು, ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ 4 ಪರ್ಸೆಂಟ್, ಎರಡನೇ ವರ್ಷ 3 ಪರ್ಸೆಂಟ್ ಹೀಗೆ ಸವಕಳಿ ಕಳೀತಾರೆ, ಹಡಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿಸ್ತಾರೆ. ಅಗ್ಗಕ್ಕೆ ಸಿಕ್ತು ಸಾರ್ ಅನ್ನೋ ಮಾತು ಅಲ್ಲಿ ನಡೆಯಲ್ಲ. ಹಾಗೆ ಬಂದ ಬೆಲೆ 30 ಲಕ್ಷ ಅಂತಿಟ್ಕೊಳ್ಳಿ. ಹಳೇ ಕಾರಿಗೆ ಕಸ್ಟಮ್ಸ್ ಸುಂಕ, ಸೆಸ್ಸು ಸೇರಿ 100 ಪರ್ಸೆಂಟ್ ದಾಟುತ್ತೆ, ಬರೀ 100 ಅಂತ ಹಿಡಿದ್ರೂ 60 ಲಕ್ಷ ಆಯ್ತು. ಆ 60ರ ಮೇಲೆ ಐಜಿಎಸ್‌ಟಿ, ಅಂದ್ರೆ ಹೊರಗಿಂದ ತರೋ ಮಾಲಿನ ಮೇಲೆ ಬೀಳೋ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗೆ 40 ಪರ್ಸೆಂಟ್, ಅಲ್ಲಿಗೆ 84 ಲಕ್ಷ. ಇದು ಕಮ್ಮಿ ಅಂದ್ರೆ. ಊರಿಗೆ ಬಂದ್ಮೇಲೆ ಲೈಫ್ ಟ್ಯಾಕ್ಸ್ ಬೇರೆ, ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ 18 ಪರ್ಸೆಂಟ್, ಅದ್ರ ಮೇಲೆ ಸೆಸ್. ಇಲ್ಲಿ ಸಿಗದೇ ಇರೋ ಮಾಡೆಲ್ಲು, ಅದ್ರ ಮೇಲೆ ಹುಚ್ಚು ಪ್ರೀತಿ, ಎರಡೂ ಇದ್ರೆ ಸರಿ, ಇಲ್ಲಾಂದ್ರೆ ಆ ದುಡ್ಡಲ್ಲಿ ಒಂದು ಥಾರ್ ತಗೊಂಡು ಉಳಿದಿದ್ದಕ್ಕೆ ಸೈಟ್ ನೋಡ್ಬಹುದು.

ಇಷ್ಟಾದ್ಮೇಲೆ ಆರ್‌ಟಿಒ ಕೆಲ್ಸ ಅಷ್ಟೇನೂ ದೊಡ್ಡದಲ್ಲ. ಫಾರ್ಮ್ 20 (ರಿಜಿಸ್ಟ್ರೇಷನ್ ಅರ್ಜಿ), ಬಿಲ್ ಆಫ್ ಎಂಟ್ರಿ (ಗಾಡಿ ಇಳಿಸೋವಾಗ ಕಸ್ಟಮ್ಸ್‌ಗೆ ಕೊಡೋ ಇಂಪೋರ್ಟ್ ದಾಖಲೆ), ಡ್ಯೂಟಿ ಕಟ್ಟಿದ ರಸೀದಿ, ಇನ್ಶೂರೆನ್ಸ್, ಟೆಸ್ಟಿಂಗ್ ಪೇಪರ್, ಮುಂಬೈಯಿಂದ ಓಡಿಸ್ಕೊಂಡು ಬರೋಕೆ ಟೆಂಪರರಿ ರಿಜಿಸ್ಟ್ರೇಷನ್. ಇನ್ಸ್‌ಪೆಕ್ಟರ್ ಚಾಸಿಸ್ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತಗೊಂಡು ಬಿಲ್ ಆಫ್ ಎಂಟ್ರಿ ಜೊತೆ ತಾಳೆ ನೋಡ್ತಾರೆ, ಒಂದಕ್ಷರ ಬೇರೆ ಇದ್ರೂ ಫೈಲ್ ವಾಪಸ್, ತಿದ್ದಿಸೋಕೆ ಮತ್ತೆ ಕಸ್ಟಮ್ಸ್‌ಗೇ ಹೋಗ್ಬೇಕು. ಅದಕ್ಕೇ ಬಂದರಲ್ಲೇ ಚಾಸಿಸ್ ನಂಬರಿನ 17 ಅಕ್ಷರಗಳನ್ನ ಒಂದೊಂದಾಗಿ ಓದಿ ನೋಡಿ. ಆ ನಂಬರಲ್ಲಿ ಐ, ಓ, ಕ್ಯೂ ಅನ್ನೋ ಇಂಗ್ಲಿಷ್ ಅಕ್ಷರಗಳು ಬರೋದೇ ಇಲ್ಲ, ಬಿಲ್ಲಲ್ಲಿ ಓ ಕಂಡ್ರೆ ಅದು ಸೊನ್ನೆ ಬದ್ಲು ಟೈಪ್ ಮಾಡಿದ್ದು ಅಂತ್ಲೇ ತಿಳ್ಕೊಳ್ಳಿ.

ಪರ್ಮನೆಂಟಾಗಿ ಬರ್ತಿಲ್ಲ, ಹೊರಗೇ ಇರೋದು, ಗಾಡೀಲಿ ಒಂದು ಸಲ ಊರು ಸುತ್ತಿ ವಾಪಸ್ ಹೋಗ್ತೀವಿ ಅನ್ನೋರಿಗೆ ದಾರಿ ಬೇರೆ. ಅಲ್ಲಿನ ಆಟೊಮೊಬೈಲ್ ಕ್ಲಬ್ಬಿಂದ ಕಾರ್ನೆ ಅನ್ನೋ ಗ್ಯಾರಂಟಿ ಪುಸ್ತಕ ಮಾಡಿಸಿದ್ರೆ ಡ್ಯೂಟಿ ಕಟ್ಟದೇ ಅಲ್ಲಿನ ನಂಬರ್ ಪ್ಲೇಟಲ್ಲೇ ಓಡಿಸ್ಬಹುದು. ಆದ್ರೆ ಹೇಳಿದ ಅವಧಿಯೊಳಗೆ ಗಾಡಿ ದೇಶ ಬಿಟ್ಟು ಹೋಗ್ಲೇಬೇಕು, ಹೊರಗೆ ಹೋದದ್ದಕ್ಕೆ ಪುಸ್ತಕದಲ್ಲಿ ಕಸ್ಟಮ್ಸ್ ಸೀಲ್ ಬೀಳ್ಬೇಕು, ಇಲ್ಲಾಂದ್ರೆ ಮೇಲೆ ಹೇಳಿದ ಡ್ಯೂಟಿನ ಗ್ಯಾರಂಟಿ ದುಡ್ಡಿಂದ್ಲೇ ಹಿಡ್ಕೊಳ್ತಾರೆ.