ಗುಳ್ಳೆ ಓದುವ ಮೇಷ್ಟ್ರು

ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದವರ ಕೈಗೆ ಒಂದು ವಿಡಿಯೊ ಸಿಗುತ್ತದೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಹೊಟ್ಟೆ ತೊಳಸಿಕೊಂಡು ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಸಿಕೊಂಡು, ಅರ್ಧ ಗಂಟೆಯೂ ಇಲ್ಲದಷ್ಟು ಹೊತ್ತು ನೀರಿನಡಿ ಇದ್ದುದಕ್ಕೆ ಉಳಿಯುವ ಸಾಕ್ಷಿ ಅದೊಂದೇ. ನನ್ನ ವಿಡಿಯೊದಲ್ಲಿ ಮೀನುಗಳ ಸಂತೆಯೇ ನೆರೆದಿದೆ. ಆದರೆ ನನ್ನ ಸಿಲಿಂಡರ್ ಹಿಡಿದುಕೊಂಡಿದ್ದ ಬೋಧಕ ಒಂದು ಮೀನಿನ ಕಡೆಗೂ ತಿರುಗುವುದಿಲ್ಲ. ಅವನ ಕಣ್ಣು ಒಮ್ಮೆ ನನ್ನ ಮುಖಕ್ಕೆ, ಒಮ್ಮೆ ನನ್ನ ನೆತ್ತಿಯ ಮೇಲಕ್ಕೆ ಹೋಗಿ ಬರುತ್ತಿರುತ್ತದೆ. ಪಾಪ, ದಿನಾ ಇದನ್ನೇ ನೋಡಿ ಬೇಸರ ಬಂದಿರಬೇಕು ಎಂದುಕೊಂಡಿದ್ದೆ. ಈ ವೃತ್ತಿಗೆ ಹೇಗೆ ತಯಾರಾಗುತ್ತಾರೆ ಎಂದು ಓದಿ, ಕೇಳಿ ತಿಳಿದುಕೊಂಡ ಮೇಲಷ್ಟೇ ಗೊತ್ತಾಯಿತು: ಅವನು ನೋಡುತ್ತಿದ್ದದ್ದು ನನ್ನ ಗುಳ್ಳೆಗಳನ್ನು.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ದೂಡಿದ ಮಾವ ಕೊಟ್ಟ ಉಪದೇಶ ಒಂದೇ: ಉಸಿರು ಬಿಗಿ ಹಿಡಿ. ಬಾವಿಯಲ್ಲಿ ಅದು ಸರಿಯಾದ ಮಾತು. ಸ್ಕೂಬಾದಲ್ಲಿ ಕಲಿಸುವ ಮೊದಲ ನಿಯಮ ಇದಕ್ಕೆ ನೇರ ವಿರುದ್ಧ: ಏನೇ ಆದರೂ ಉಸಿರು ಹಿಡಿಯಬೇಡ. ಹಾಗಾಗಿ ಈಜು ಬಲ್ಲವರೆಂದರೆ ಬೋಧಕರಿಗೆ ಪೂರ್ತಿ ನಿಶ್ಚಿಂತೆ ಎಂದೇನೂ ಇಲ್ಲ. ಏನೂ ಬಾರದವರಿಗೆ ಕಲಿಸಿದರೆ ಸಾಕು, ಬಾವಿ ಈಜಿನವರಿಗೆ ಮೊದಲು ಮರೆಸಬೇಕು.

ಎರಡಕ್ಕೂ ಏನು ವ್ಯತ್ಯಾಸ? ದಡದಲ್ಲಿ ಉಸಿರು ತುಂಬಿಕೊಂಡು ಮುಳುಗಿದವನ ಎದೆಯಲ್ಲಿರುವುದು ದಡದ ಗಾಳಿ. ಕೆಳಗೆ ಹೋದಂತೆ ಅದು ಕುಗ್ಗುತ್ತದೆ, ಮೇಲೆ ಬಂದಂತೆ ಮೊದಲಿನಷ್ಟೇ ಆಗುತ್ತದೆ. ಲೆಕ್ಕ ಚುಕ್ತಾ. ಸ್ಕೂಬಾದಲ್ಲಿ ಹಾಗಲ್ಲ. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾ ರೂಪಿಸಿದ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರಿನ ಜಾಣತನವೆಂದರೆ, ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದಲ್ಲಿ ಅದು ಗಾಳಿ ಕೊಡುತ್ತದೆ. ದಡದಲ್ಲೇ ಒಂದು ವಾಯುಮಂಡಲದಷ್ಟಿರುವ ಒತ್ತಡ ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದರಷ್ಟು ಏರುತ್ತದೆ. 10 ಮೀಟರ್ ಆಳದಲ್ಲಿ ಎದೆ ತುಂಬ ಉಸಿರೆಳೆದರೆ, ದಡದಲ್ಲಿ ಎಳೆದದ್ದಕ್ಕಿಂತ ಎರಡು ಪಟ್ಟು ಗಾಳಿ ಅದೇ ಶ್ವಾಸಕೋಶದಲ್ಲಿ ಕೂತಿರುತ್ತದೆ. ಬಾಯಿ ಬಿಗಿದುಕೊಂಡು ಮೇಲೆ ಬಂದರೆ 6 ಲೀಟರ್ ಗಾಳಿ 12 ಲೀಟರ್ ಆಗಲು ಹವಣಿಸುತ್ತದೆ. ಅಷ್ಟು ಜಾಗ ಎದೆಯಲ್ಲಿಲ್ಲ. ಶ್ವಾಸಕೋಶದ ತೆಳು ಗೋಡೆಗಳು ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ನುಸುಳಿ ಮಿದುಳಿನವರೆಗೂ ಹೋಗಬಹುದು.

ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರ ಕುಗ್ಗುತ್ತದೆಂದು ರಾಬರ್ಟ್ ಬಾಯ್ಲ್ 1662ರಲ್ಲೇ ಹೇಳಿದ್ದ. ಶಾಲೆಯಲ್ಲಿ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ಅದರೊಳಗಿನ ಒಂದು ಕುತಂತ್ರ ಆಗ ಹೊಳೆದಿರಲಿಲ್ಲ. 40 ಮೀಟರಿನಿಂದ 30ಕ್ಕೆ ಏರಿದರೆ ಒತ್ತಡ 5ರಿಂದ 4ಕ್ಕೆ ಇಳಿಯುತ್ತದೆ, ಗಾಳಿ ಹಿಗ್ಗುವುದು ಕಾಲು ಭಾಗ ಮಾತ್ರ. 10ರಿಂದ ಮೇಲ್ಮೈಗೆ ಬಂದರೆ ಒತ್ತಡ 2ರಿಂದ 1ಕ್ಕೆ ಇಳಿಯುತ್ತದೆ, ಗಾಳಿ ಇಮ್ಮಡಿಯಾಗುತ್ತದೆ. ಏರಿದ್ದು ಎರಡೂ ಸಲ ಹತ್ತೇ ಮೀಟರ್. ‘ಹೆಚ್ಚು ಆಳವೇನಿಲ್ಲ, ಹೆದರಬೇಡಿ’ ಎಂದು ಹೊಸಬರಿಗೆ ಧೈರ್ಯ ಹೇಳುತ್ತೇವಲ್ಲ, ಬಾಯ್ಲನ ಪ್ರಕಾರ ಅಲ್ಲೇ ಹೆಚ್ಚು ಹೆದರಬೇಕು. ಒಂದೆರಡು ಮೀಟರ್ ಆಳದ ಈಜುಕೊಳದಲ್ಲೂ ಉಸಿರು ಹಿಡಿದು ಎದ್ದವರಿಗೆ ಪೆಟ್ಟಾಗಬಹುದು. ಬೋಧಕನ ದುಡಿಮೆಯೆಲ್ಲ ನಡೆಯುವುದು ಈ ತೆಳು ನೀರಿನಲ್ಲೇ, ಅದೂ ನಿಯಮ ಇನ್ನೂ ಮೈಗೂಡದವರ ಜೊತೆ.

ಇಂಥ ಬೋಧಕರನ್ನು ತಯಾರಿಸುವ ಸಂಸ್ಥೆಗಳು ಹಲವು. ಅವುಗಳಲ್ಲಿ ದೊಡ್ಡದು ಪ್ಯಾಡಿ. ಮುಳುಗು ಸಾಮಾನು ಮಾರುತ್ತಿದ್ದ ಜಾನ್ ಕ್ರೋನಿನ್ ಮತ್ತು ಈಜು ಕಲಿಸುತ್ತಿದ್ದ ರಾಲ್ಫ್ ಎರಿಕ್ಸನ್ 1966ರಲ್ಲಿ ಅಮೆರಿಕದಲ್ಲಿ ಕಟ್ಟಿದ್ದು. ಅದರ ಪದ್ಧತಿಯಲ್ಲಿ ಮೊದಲು ಸಾಮಾನ್ಯ ಡೈವರ್, ಆಮೇಲೆ ರಕ್ಷಣಾ ತರಬೇತಿ, ಆಮೇಲೆ ಡೈವರ್‌ಗಳನ್ನು ಮುನ್ನಡೆಸುವ ಡೈವ್‌ಮಾಸ್ಟರ್ ಆಗಬೇಕು. ಬೋಧಕ ಪರೀಕ್ಷೆಗೆ ಕೂರಲು 18 ವರ್ಷ ತುಂಬಿರಬೇಕು, ದಿನಚರಿಯಲ್ಲಿ ಕನಿಷ್ಠ 100 ಮುಳುಗು ದಾಖಲಾಗಿರಬೇಕು. ಭಾರತದಲ್ಲಿ ಇದಕ್ಕೆ ಹೊರಡುವವರು ಹೆಚ್ಚಾಗಿ ಅಂಡಮಾನಿನ ಹ್ಯಾವ್‌ಲಾಕ್‌ಗೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ ಹೋಗುತ್ತಾರೆ.

ಭೌತಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟುಬಂದವರು ಅಲ್ಲಿ ಮತ್ತೆ ಅದರ ಕೈಗೆ ಸಿಕ್ಕಿಬೀಳುತ್ತಾರೆ. ಲೆಕ್ಕಗಳು ಹೀಗಿರುತ್ತವೆ: 20 ಮೀಟರ್ ಆಳದಲ್ಲಿ 100 ಕಿಲೋ ತೂಕದ ಲಂಗರು ಬಿದ್ದಿದೆ, ಅದರ ಗಾತ್ರ 40 ಲೀಟರ್. ಚೀಲ ಕಟ್ಟಿ, ಗಾಳಿ ತುಂಬಿ ತೇಲಿಸಲು ಎಷ್ಟು ಗಾಳಿ ಬೇಕು? ಲಂಗರು ಸರಿಸಿದ ಉಪ್ಪುನೀರಿನ ತೂಕ, ಲೀಟರಿಗೆ 1.03 ಕಿಲೋದಂತೆ, 41.2 ಕಿಲೋ. ಉಳಿದ ಭಾರ 58.8 ಕಿಲೋ. ಅಷ್ಟು ನೀರನ್ನು ಸರಿಸಲು ಸುಮಾರು 57 ಲೀಟರ್ ಗಾಳಿ ಬೇಕು. ಆ ಆಳದಲ್ಲಿ ಒತ್ತಡ ಮೂರು ಪಟ್ಟು ಇರುವುದರಿಂದ ದಡದ ಲೆಕ್ಕದಲ್ಲಿ ಅದು 171 ಲೀಟರ್. ಇಲ್ಲಿಗೆ ಆರ್ಕಿಮಿಡೀಸ್ ಮುಗಿದ, ಬಾಯ್ಲ್ ಮುಗಿದಿಲ್ಲ. ಲಂಗರು ಏಳತೊಡಗಿದರೆ ಚೀಲದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಇನ್ನೂ ವೇಗವಾಗಿ ಏಳುತ್ತದೆ. ಗಾಬರಿಯಾದ ಶಿಷ್ಯ ತೇಲಲೆಂದು ಗಾಳಿ ತುಂಬಿಕೊಳ್ಳುವ ಜಾಕೆಟ್ಟಿನಲ್ಲೂ ಆಗುವುದು ಇದೇ.

ಭೌತಶಾಸ್ತ್ರ, ಶರೀರಶಾಸ್ತ್ರ, ಸಲಕರಣೆ ಎಂದು ಐದು ವಿಷಯಗಳಲ್ಲಿ ಪ್ರತಿಯೊಂದಕ್ಕೂ 75 ಶೇಕಡಾ ಬರಬೇಕು. ಓದಿದರೆ ಬರುತ್ತದೆ. ಕಷ್ಟವಿರುವುದು ನೀರಿನಲ್ಲಿ ಪಾಠ ಮಾಡುವುದರಲ್ಲಿ. ಮಾತಿಲ್ಲದ ತರಗತಿ ಅದು. ಮಾಸ್ಕಿನೊಳಗೆ ನುಗ್ಗಿದ ನೀರನ್ನು ಹೊರಹಾಕುವುದು ಪಳಗಿದವರಿಗೆ ಎರಡು ಸೆಕೆಂಡಿನ ಕೆಲಸ. ಅದನ್ನೇ ಬಿಡಿಸಿ ಬಿಡಿಸಿ ತೋರಿಸಬೇಕು: ಅಂಚನ್ನು ಎತ್ತಿ ನೀರು ಬಿಟ್ಟುಕೊಳ್ಳುವುದು, ಒಂದು ಕ್ಷಣ ಸುಮ್ಮನಿರುವುದು, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತುವುದು, ಕತ್ತು ಮೇಲೆತ್ತುತ್ತ ಮೂಗಿನಿಂದ ನಿಧಾನವಾಗಿ ಉಸಿರು ಬಿಡುವುದು. ನೀರಿನಲ್ಲಿ ಕೈಗಳೇ ಮಾತಾಡುವುದರಿಂದ ಯಕ್ಷಗಾನದ ಪಾತ್ರಧಾರಿಯ ಹಾಗೆ ಒಂದೊಂದು ಚಲನೆಯೂ ಕೊನೆಯ ಸಾಲಿನವನಿಗೆ ಕಾಣುವಂತಿರಬೇಕು. ಇಂಥ 24 ಕೌಶಲಗಳಿವೆ, ಒಂದೊಂದಕ್ಕೂ 5ರಲ್ಲಿ ಅಂಕ. ಅವಸರ ಮಾಡಿದರೆ ಎಷ್ಟೇ ಚೆನ್ನಾಗಿ ಮಾಡಿದರೂ ಅಂಕ ಇಳಿಯುತ್ತದೆ.

ನನಗೆ ಬಹಳ ಹಿಡಿಸಿದ್ದು ಆಮೇಲಿನ ನಾಟಕ. ಅಭ್ಯರ್ಥಿ ಪಾಠ ಮಾಡುವಾಗ ಶಿಷ್ಯರಾಗಿ ಕೂರುವವರು ಸಹಪಾಠಿಗಳೇ. ಯಾರು ಯಾವ ತಪ್ಪು ಮಾಡಬೇಕೆಂದು ತರಬೇತುದಾರ ಮೊದಲೇ ಗುಟ್ಟಾಗಿ ತಿಳಿಸಿರುತ್ತಾನೆ. ಒಬ್ಬ ಮೂಗಿನ ಬದಲು ಬಾಯಿಂದ ಉಸಿರು ಬಿಡುತ್ತಾನೆ, ಇನ್ನೊಬ್ಬ ಹೇಳದೆ ಕೇಳದೆ ಮೇಲೇಳುತ್ತಾನೆ. ಮತ್ತೊಬ್ಬನ ತಪ್ಪು ಬಹಳ ಸಣ್ಣದು. ರೆಗ್ಯುಲೇಟರ್ ಬಾಯಿಂದ ತೆಗೆದಾಗ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು, ಅವನು ಬಿಡುವುದಿಲ್ಲ. ಮುಖ ಶಾಂತವಾಗಿದೆ, ಕೈ ಸರಿಯಾಗಿ ಆಡುತ್ತಿದೆ. ತುಟಿಯ ಮುಂದೆ ಗುಳ್ಳೆ ಇಲ್ಲ, ಅಷ್ಟೇ. ಅದನ್ನು ಕಾಣದ ಅಭ್ಯರ್ಥಿ ಉಳಿದದ್ದೆಲ್ಲ ಕಂಡರೂ ಪ್ರಯೋಜನವಿಲ್ಲ. ಅಂತಿಮ ಪರೀಕ್ಷೆ ನಡೆಸಲು ಕಲಿಸಿದವರಲ್ಲದ, ಹೊರಗಿನ ಪರೀಕ್ಷಕರು ಬರುತ್ತಾರೆ. ಅವರ ಮುಂದೆಯೂ ಇದೇ ನಾಟಕ.

ಗಾಳಿ ಮುಗಿದಾಗ ಒಂದೇ ಉಸಿರಿನಲ್ಲಿ ಮೇಲೆ ಬರುವುದನ್ನೂ ಬೋಧಕ ಕಲಿಸಬೇಕು. ಶಿಷ್ಯ 6ರಿಂದ 9 ಮೀಟರ್ ಆಳದಿಂದ ‘ಆ’ ಎಂದು ಸ್ವರ ಎಳೆಯುತ್ತ ಏರಬೇಕು. ಸಂಗೀತದ ಮೇಷ್ಟ್ರು ಷಡ್ಜ ಹಿಡಿಸಿದ ಹಾಗೆ. ಸ್ವರ ಇದ್ದರೆ ಉಸಿರು ಹೊರಗೆ ಹೋಗುತ್ತಿದೆ ಎಂದರ್ಥ. ವೇಗ ನಿಮಿಷಕ್ಕೆ 18 ಮೀಟರ್ ಮೀರಬಾರದು, ಅಂದರೆ 9 ಮೀಟರಿಗೆ ಅರ್ಧ ನಿಮಿಷ. ಅಷ್ಟು ಹೊತ್ತು ಸ್ವರ ನಿಲ್ಲುತ್ತದೆಯೇ? ನಿಲ್ಲುತ್ತದೆ. ಇದನ್ನೇ ಮೊದಲು ಈಜುಕೊಳದಲ್ಲಿ 9 ಮೀಟರ್ ಅಡ್ಡಲಾಗಿ ಈಜಿಸಿ ಅಭ್ಯಾಸ ಮಾಡಿಸುವಾಗ ಅನೇಕರಿಗೆ ಉಸಿರು ಸಾಲದು. ಮೇಲಕ್ಕೆ ಬರುವಾಗ ಹಾಗಲ್ಲ. ಎದೆಯ 4 ಲೀಟರ್ ಗಾಳಿ ದಾರಿಯುದ್ದಕ್ಕೂ ಹಿಗ್ಗುತ್ತ 7.6 ಲೀಟರಿನಷ್ಟಾಗುವುದರಿಂದ, ಬಿಟ್ಟಷ್ಟೂ ಉಳಿಯುತ್ತದೆ. ಕೊಲ್ಲಬಲ್ಲ ಆ ನಿಯಮವೇ ಇಲ್ಲಿ ಬುತ್ತಿ ಕಟ್ಟಿಕೊಡುತ್ತದೆ.

ಬೋಧಕ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಶಿಷ್ಯನನ್ನು ಹಿಡಿದು ಜೊತೆಗೇ ಏರುತ್ತಾನೆ. ಶಿಷ್ಯ ಏರುವುದು ಒಂದು ಸಲ. ಬೋಧಕ ಮಾತ್ರ ಮತ್ತೆ ಇಳಿದು ಮುಂದಿನವನನ್ನು ಕರೆತರಬೇಕು, ಮತ್ತೆ ಇಳಿಯಬೇಕು. ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಇಂಥ ಏರಿಳಿತವನ್ನು ಇಷ್ಟಪಡುವುದಿಲ್ಲ. ಗೋಲಿ ಸೋಡಾ ಒಡೆದಾಗ ಆಗುವಂತೆ ಗುಳ್ಳೆಯಾಗಿ ಹೊರಬರುತ್ತದೆ. ಇದನ್ನು ಮೊದಲು ಕಂಡವನೂ ಬಾಯ್ಲನೇ: ಪಂಪಿನಿಂದ ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿಟ್ಟ ಮಂಡಲದ ಹಾವೊಂದರ ಕಣ್ಣಿನಲ್ಲಿ ಗುಳ್ಳೆ ಓಡಾಡುವುದನ್ನು ನೋಡಿ 1670ರಲ್ಲಿ ಬರೆದಿಟ್ಟಿದ್ದ. ಶಿಷ್ಯರ ಗುಳ್ಳೆ ಎಣಿಸುವವನಿಗೆ ತನ್ನ ಮೈಯೊಳಗಿನ ಗುಳ್ಳೆಯ ಲೆಕ್ಕವೂ ಇರಬೇಕು.

ಇಷ್ಟೆಲ್ಲ ತಿಳಿದ ಮೇಲೆ ನನ್ನ ವಿಡಿಯೊವನ್ನು ಮತ್ತೆ ಹಾಕಿ ನೋಡಿದೆ, ಈ ಸಲ ಮೀನು ಬಿಟ್ಟು ಗುಳ್ಳೆಗಳನ್ನು. ನನ್ನ ನೆತ್ತಿಯಿಂದ ಗೊಂಚಲು ಗೊಂಚಲಾಗಿ ಏರುತ್ತಿವೆ. ಮಧ್ಯದಲ್ಲಿ ಒಂದು ಕಡೆ ನಿಲ್ಲುತ್ತವೆ. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್ ಏನೂ ಇಲ್ಲ. ಐದನೆಯದಕ್ಕೆ ಬೋಧಕನ ಕೈ ಬಂದು ನನ್ನ ಭುಜವನ್ನು ಅದುಮಿ ಕೆಳಕ್ಕೆ ಹಿಡಿಯುತ್ತದೆ, ಇನ್ನೊಂದು ಕೈ ನನ್ನ ಬಾಯಿಯ ಮುಂದಿನಿಂದ ಹೊರಕ್ಕೆ ಬೀಸುತ್ತದೆ: ಬಿಡು, ಬಿಡು. ನನಗೆ ಅದು ನೆನಪೇ ಇಲ್ಲ. ನೆನಪಿರುವುದು ಬಂಡೆಯ ಸಂದಿನಿಂದ ಹೊರಗೆ ಬಂದ ಈಲ್ ಮೀನಿನ ತಲೆ ಒಂದೇ.